ಝೆನಿಟಿ, ಯಾಡ್, ಕೆಡೈಲಾಗ್: ಕನ್ನಡ ಇನ್‌ಸ್ಟಾಲರ್‌ಗೆ ಯಾವುದು ಹೊಂದುತ್ತದೆ?

ನಮ್ಮ ಕಾಸರಗೋಡಿನ ಕನ್ನಡ ಶಾಲೆಗಳಲ್ಲಿ ಕಂಪ್ಯೂಟರ್ ಎಂದರೆ ಲಿನಕ್ಸ್. ಕೇರಳದ ಶಾಲೆಗಳಿಗೆ ಕೈಟ್ ಸಂಸ್ಥೆ ಉಬುಂಟು ಆಧಾರಿತ ತನ್ನದೇ ಲಿನಕ್ಸ್ ಕೊಡುತ್ತದೆ. ಅದನ್ನು ಶಾಲೆಯಲ್ಲಿ ನೋಡಿದವರು ಮನೆಯ ಹಳೆಯ ಲ್ಯಾಪ್‌ಟಾಪಿಗೂ ಉಬುಂಟು ಹಾಕಿಸಿಕೊಳ್ಳುವುದುಂಟು. ಅಂಥ ಕಂಪ್ಯೂಟರಿಗೆ ಕನ್ನಡಕ್ಕೆ ಬೇಕಾದ್ದನ್ನೆಲ್ಲ ಒಂದೇ ಸಲ ಹಾಕುವ ಇನ್‌ಸ್ಟಾಲರ್ ಮಾಡಬೇಕು ಅಂತ ನನ್ನ ಆಸೆ. ಗುಬ್ಬಿ, ನವಿಲು ಫಾಂಟ್‌ಗಳು, ಟೈಪಿಂಗಿಗೆ ನೆರವಾಗುವ ಐಬಸ್‌ಗೆ ಕನ್ನಡ ಕೀಬೋರ್ಡ್, ಲಿಬ್ರೆ ಆಫೀಸಿನ ಕನ್ನಡ ಪ್ಯಾಕ್, ಅಷ್ಟೇ. ಆಜ್ಞೆ ಟೈಪ್ ಮಾಡುವ ಟರ್ಮಿನಲ್‌ನಲ್ಲಾದರೆ ಕೆಲವೇ ಸಾಲಿನ ಕೆಲಸ. ಆದರೆ ಇದನ್ನು ಓಡಿಸುವವರು ಬದಿಯಡ್ಕದ ಒಬ್ಬ ಟೀಚರ್ ಇರಬಹುದು, ಪೆರ್ಲದ ಮಾಷ್ಟ್ರು ಇರಬಹುದು, ಶಾಲೆಯ ಐಟಿ ಕ್ಲಬ್ಬಾದ ಲಿಟ್ಲ್ ಕೈಟ್ಸ್‌ನ ಮಕ್ಕಳೂ ಇರಬಹುದು. ಕಿಟಕಿ ತೆರೆಯಬೇಕು, ಕನ್ನಡದಲ್ಲಿ ಏನು ನಡೆಯುತ್ತಿದೆ ಅಂತ ಹೇಳಬೇಕು, ಕೆಲಸ ಎಷ್ಟಾಯಿತು ಎಂದು ತೋರಿಸುವ ಬಾರ್ ಮುಂದೆ ಹೋಗಬೇಕು.

ಟರ್ಮಿನಲ್ ಆಜ್ಞೆಗಳನ್ನು ಸಾಲಾಗಿ ಬರೆದಿಟ್ಟ ಫೈಲಿನಿಂದಲೇ, ಅಂದರೆ ಶೆಲ್ ಸ್ಕ್ರಿಪ್ಟಿನಿಂದಲೇ, ಇಂಥ ಕಿಟಕಿ ತೋರಿಸುವ ಸಾಧನಗಳು ಹಲವು ಇವೆ. ಒಂದೇ ಕೆಲಸವನ್ನು ಎಲ್ಲದರಲ್ಲೂ ಬರೆದು ನೋಡಿದೆ. ಕೊನೆಗೆ ಉಳಿದದ್ದು ಝೆನಿಟಿ. ಯಾಡ್ ಅದಕ್ಕಿಂತ ಚೆನ್ನಾಗಿದೆ ಅಂತ ಒಪ್ಪುತ್ತೇನೆ. ಆದರೂ ಝೆನಿಟಿಯೇ ಏಕೆ ಅಂತ ಮುಂದೆ ಹೇಳುತ್ತೇನೆ.

ಮೊದಲು ಹೊರಗೆ ಹೋದ ಎರಡರ ವಿಷಯ ಮುಗಿಸಿಬಿಡೋಣ. ವಿಪ್‌ಟೇಲ್ ಉಬುಂಟುವಿನಲ್ಲಿ ಮೊದಲೇ ಇರುತ್ತದೆ, ತುಂಬ ಹಗುರ, ಟರ್ಮಿನಲ್‌ನೊಳಗೇ ಬಾರ್ ತೋರಿಸುತ್ತದೆ. ಇಂಗ್ಲಿಷಿಗೆ ಸಾಕು. ಕನ್ನಡಕ್ಕೆ ಆಗುವುದಿಲ್ಲ. ಟರ್ಮಿನಲ್ ಪ್ರತಿ ಅಕ್ಷರವನ್ನೂ ಅಳತೆಯ ಚೌಕದೊಳಗೆ ಕೂರಿಸುತ್ತದೆ. ಒತ್ತಕ್ಷರ ಅಲ್ಲಿ ಸರಿಯಾಗಿ ಕೂರುವುದಿಲ್ಲ. ‘ರಾಷ್ಟ್ರ’, ‘ಸಾಮರ್ಥ್ಯ’ ಎಂದು ಬರೆದು ನೋಡಿ, ಒತ್ತು ಒಂದು ಕಡೆ, ಅಕ್ಷರ ಒಂದು ಕಡೆ. ಪೈಥಾನ್‌ನ ಟಿಕೆಇಂಟರ್ ನಿಜವಾದ ಕಿಟಕಿಯನ್ನೇ ತೆರೆಯುತ್ತದೆ, ಅದರಲ್ಲಿ ಒಳ್ಳೆಯ ಪ್ರೋಗ್ರೆಸ್ ಬಾರ್ ಕೂಡ ಇದೆ. ಆದರೆ ಲಿನಕ್ಸ್‌ನಲ್ಲಿ ಅದರ ಹಿಂದಿರುವ ಟಿಕೆ 8.6ಕ್ಕೂ ಇದೇ ಕಾಯಿಲೆ. ಅಕ್ಷರ ಜೋಡಿಸುವ ಹಾರ್ಫ್‌ಬಝ್ ಅದರ ಹಿಂದೆ ಇಲ್ಲ. ಕನ್ನಡ ಫಾಂಟ್ ಹಾಕಲು ಬಂದ ಇನ್‌ಸ್ಟಾಲರೇ ಒಡೆದ ಕನ್ನಡ ತೋರಿಸಿದರೆ ಯಾರು ನಂಬುತ್ತಾರೆ? ಈ ವಿಷಯದಲ್ಲಿ ನಾನು ರಾಜಿಗೆ ತಯಾರಿಲ್ಲ. ಝೆನಿಟಿ ಮತ್ತು ಯಾಡ್ ಜಿಟಿಕೆ ಮೇಲೆ, ಕೆಡೈಲಾಗ್ ಕ್ಯೂಟಿ ಮೇಲೆ ನಿಂತಿವೆ; ಜಿಟಿಕೆ, ಕ್ಯೂಟಿ ಎರಡೂ ಕಿಟಕಿ ಬಿಡಿಸುವ ಲೈಬ್ರರಿಗಳು. ಮೂರರಲ್ಲೂ ಕನ್ನಡ ಅಂದವಾಗಿಯೇ ಬರುತ್ತದೆ.

ಝೆನಿಟಿಯ ದೊಡ್ಡ ಗುಣ ಅದರ ಸರಳತೆ. ಸ್ಕ್ರಿಪ್ಟಿನಿಂದ ಅದಕ್ಕೆ ಪೈಪ್ (ಒಂದು ಪ್ರೋಗ್ರಾಮಿನ ಔಟ್‌ಪುಟ್ಟನ್ನು ಇನ್ನೊಂದಕ್ಕೆ ಕೊಡುವ ದಾರಿ) ಮೂಲಕ ಸಾಲುಗಳನ್ನು ಕಳಿಸುತ್ತಾ ಹೋದರೆ ಸಾಕು. ಸಾಲಿನಲ್ಲಿ ಬರೀ ಅಂಕಿ ಇದ್ದರೆ ಬಾರ್ ಅಷ್ಟು ಶೇಕಡಾಕ್ಕೆ ಹೋಗುತ್ತದೆ. ಸಾಲು # ಚಿಹ್ನೆಯಿಂದ ಶುರುವಾದರೆ ಮೇಲಿನ ಬರಹ ಬದಲಾಗುತ್ತದೆ. ‘40’ ಕಳಿಸಿ, ಆಮೇಲೆ ‘# ಫಾಂಟ್ ಹಾಕುತ್ತಿದ್ದೇನೆ’ ಎಂದು ಕಳಿಸಿದರೆ ಕೆಲಸ ಆಯಿತು.

ಇಷ್ಟರಲ್ಲೇ ನಿಲ್ಲಿಸುವವರು ತುಂಬ ಜನ. ಒಂದು ಕೆಲಸ ಮುಗಿದಾಗ 20, ಇನ್ನೊಂದು ಮುಗಿದಾಗ 40 ಎಂದು ಕೈಯಾರೆ ಬರೆದುಬಿಡುತ್ತಾರೆ. ಲಿಬ್ರೆ ಆಫೀಸಿನ ಪ್ಯಾಕ್ ಇಳಿಯುವಾಗ ಬಾರ್ ಅಲ್ಲೇ ನಿಂತುಬಿಡುತ್ತದೆ. ನೋಡುವವರಿಗೆ ಕಂಪ್ಯೂಟರ್ ಹ್ಯಾಂಗ್ ಆಯಿತು ಅನ್ನಿಸುತ್ತದೆ, ಸ್ವಿಚ್ ಒತ್ತಿಬಿಡುತ್ತಾರೆ. ನಿಜವಾದ ಲೆಕ್ಕವನ್ನು ಉಬುಂಟುವಿನಲ್ಲಿ ಪ್ಯಾಕೇಜು ಇಳಿಸಿ ಹಾಕುವ ಏಪಿಟಿಯೇ ಕೊಡುತ್ತದೆ. ಅದರ ‘ಸ್ಟೇಟಸ್-ಎಫ್‌ಡಿ’ ಆಯ್ಕೆ ಹಾಕಿದರೆ, ಏನು ನಡೆಯುತ್ತಿದೆ, ಯಾವ ಪ್ಯಾಕೇಜು, ಎಷ್ಟು ಶೇಕಡಾ ಅಂತ ಕೋಲನ್ ಚಿಹ್ನೆಯಿಂದ ಬೇರೆ ಮಾಡಿದ ಸಾಲುಗಳು ಬರುತ್ತವೆ. ಮೂರನೆಯ ಭಾಗ ಶೇಕಡಾ. ಅದನ್ನು ಎತ್ತಿ ಝೆನಿಟಿಗೆ ಕೊಟ್ಟರೆ ಬಾರ್ ನಿಜ ಹೇಳುತ್ತದೆ. ಡೌನ್‌ಲೋಡಿಗೆ ಒಂದು ಲೆಕ್ಕ, ಇನ್‌ಸ್ಟಾಲಿಗೆ ಇನ್ನೊಂದು ಲೆಕ್ಕ ಬರುವುದರಿಂದ ಎರಡನ್ನೂ ಅರ್ಧ ಮಾಡಿ ಒಂದರ ಮುಂದೆ ಒಂದು ಜೋಡಿಸಬೇಕು. ಇಲ್ಲದಿದ್ದರೆ ತುಂಬಿದ ಬಾರ್ ಮತ್ತೆ ಖಾಲಿಯಾಗುತ್ತದೆ.

ಆ ಸಾಲುಗಳನ್ನು ಒಡೆಯಲು ಆಕ್ ಬಳಸುವಾಗ ಹುಷಾರು. ಉಬುಂಟುವಿನಲ್ಲಿ ಆಕ್ ಹೆಸರಿನಲ್ಲಿ ಓಡುವ ಮಾಕ್ ಸಾಲುಗಳನ್ನು ತನ್ನಲ್ಲೇ ಕೂಡಿಟ್ಟುಕೊಂಡು ಒಟ್ಟಿಗೆ ಬಿಡುತ್ತದೆ. ಬಾರ್ ಸೊನ್ನೆಯಲ್ಲಿ ಕೂತಿದ್ದು, ಕೊನೆಗೆ ಒಂದೇ ಸಲ ನೂರಕ್ಕೆ ಹಾರುತ್ತದೆ. ಸ್ಕ್ರಿಪ್ಟನ್ನು ಓಡಿಸುವ ಶೆಲ್ ಆದ ಬ್ಯಾಶ್‌ನ, ಒಂದೊಂದೇ ಸಾಲು ಓದುವ ‘ರೀಡ್’ ಲೂಪ್‌ನಲ್ಲಿ ಈ ತೊಂದರೆ ಇಲ್ಲ.

ಝೆನಿಟಿಯಲ್ಲಿ ನನಗೆ ಸೇರದ ಗುಣವೂ ಒಂದಿದೆ. ಪೈಪ್ ಮುಚ್ಚಿದರೆ ಕೆಲಸ ಮುಗಿಯಿತು ಅಂತಲೇ ಅದು ತಿಳಿಯುತ್ತದೆ. ಅಂದರೆ ಸ್ಕ್ರಿಪ್ಟ್ ಮಧ್ಯದಲ್ಲಿ ಕೆಟ್ಟು ನಿಂತರೂ ಬಾರ್ ಪೂರ್ತಿ ತುಂಬುತ್ತದೆ. ಪೈಪಿನ ಫಲಿತಾಂಶ ಕೇಳಿದರೆ ಸಿಗುವುದೂ ಝೆನಿಟಿಯದ್ದೇ, ಏಪಿಟಿಯದ್ದಲ್ಲ. ಬ್ಯಾಶ್‌ನ ‘ಪೈಪ್‌ಸ್ಟೇಟಸ್’ನಲ್ಲಿ ಮೊದಲ ಸಂಖ್ಯೆ ಸೊನ್ನೆಯೋ (ಸೊನ್ನೆ ಎಂದರೆ ಕೆಲಸ ಸರಿಯಾಯಿತು) ಅಂತ ನೋಡಿ, ಅಲ್ಲದಿದ್ದರೆ ‘ಪೂರ್ತಿ ಆಗಲಿಲ್ಲ’ ಎಂದು ಬೇರೆ ಕಿಟಕಿಯಲ್ಲಿ ಸ್ಪಷ್ಟವಾಗಿ ಹೇಳಿಸಬೇಕು. ಇದು ಬಿಟ್ಟುಹೋದ ಇನ್‌ಸ್ಟಾಲರ್ ಯಾರ ಕೈಗೂ ಕೊಡಬಾರದು ಅಂತ ನನ್ನ ಅಭಿಪ್ರಾಯ.

ಕ್ಯಾನ್ಸಲ್ ಬಟನ್ ಇರಬೇಕೋ? ಬೇಡ. ಪ್ಯಾಕೇಜು ಅರ್ಧ ಹಾಕಿದಾಗ ನಿಲ್ಲಿಸಿದರೆ ಮುಂದೆ ಬೇರೇನೂ ಹಾಕಲು ಆಗದ ಸ್ಥಿತಿ ಬರಬಹುದು. ‘ನೋ-ಕ್ಯಾನ್ಸಲ್’ ಹಾಕಿ ಬಟನ್ ತೆಗೆದುಬಿಡುವುದೇ ಒಳ್ಳೆಯದು. ಮಳೆಗಾಲದಲ್ಲಿ ಇಲ್ಲಿ ಕರೆಂಟು ಹೋಗುವುದಕ್ಕೆ ಯಾವ ಬಟನ್ನೂ ಬೇಡ, ಅಲ್ವಾ? ಅದಕ್ಕೇ ಸ್ಕ್ರಿಪ್ಟಿನ ಮೊದಲ ಕೆಲಸವಾಗಿ, ಅರ್ಧಕ್ಕೆ ನಿಂತ ಪ್ಯಾಕೇಜುಗಳನ್ನು ಪೂರ್ತಿ ಮಾಡು ಎಂದು, ಏಪಿಟಿಯ ಹಿಂದೆ ಪ್ಯಾಕೇಜು ಹಾಕುವ ಡಿಪಿಕೆಜಿಗೆ ಹೇಳುವ ಸಾಲು ಇಡಿ. ಬಾಕಿ ಏನೂ ಇಲ್ಲದಿದ್ದರೆ ಅದು ಸುಮ್ನೆ ಮುಂದೆ ಹೋಗುತ್ತದೆ. ಮತ್ತೆ ಮೊದಲಿನಿಂದ ಓಡಿಸಿದರೂ ತೊಂದರೆ ಇಲ್ಲ.

ಪಾಸ್‌ವರ್ಡಿನ ವಿಷಯ ಮೂರಕ್ಕೂ ಒಂದೇ. ಇಡೀ ಸ್ಕ್ರಿಪ್ಟನ್ನು ರೂಟ್ (ಎಲ್ಲ ಅಧಿಕಾರ ಇರುವ ಬಳಕೆದಾರ) ಆಗಿ ಓಡಿಸಬೇಡಿ. ಕಿಟಕಿ ಮಾಮೂಲಿ ಬಳಕೆದಾರರ ಹೆಸರಿನಲ್ಲೇ ಇರಲಿ. ಏಪಿಟಿ, ಡಿಪಿಕೆಜಿಯ ಭಾಗ ಮಾತ್ರ ಆ ಅಧಿಕಾರ ಕೊಡಿಸುವ ಪಿಕೆಎಕ್ಸೆಕ್ ಮೂಲಕ ಹೋಗಲಿ. ಪಾಸ್‌ವರ್ಡ್ ಕೇಳುವ ಕಿಟಕಿಯನ್ನು ಅದೇ ತೆರೆಯುತ್ತದೆ.

ಕೆಡೈಲಾಗ್‌ನ ದಾರಿಯೇ ಬೇರೆ. ಅಲ್ಲಿ ಪೈಪ್ ಇಲ್ಲ. ಕಿಟಕಿ ತೆರೆದ ಕೂಡಲೇ ಅದು ಡಿ-ಬಸ್‌ನ (ಪ್ರೋಗ್ರಾಮುಗಳು ಒಂದಕ್ಕೊಂದು ಸಂದೇಶ ಕಳಿಸುವ ವ್ಯವಸ್ಥೆ) ಒಂದು ವಿಳಾಸ ಕೊಡುತ್ತದೆ. ಬಾರ್ ಮುಂದೆ ತಳ್ಳಬೇಕಾದಾಗ ಆ ವಿಳಾಸಕ್ಕೆ ಸಂದೇಶ ಕಳಿಸಬೇಕು. ಪೈಪಿನೊಳಗೆ ಇಟ್ಟ ವೇರಿಯಬಲ್‌ಗಳು ಹೊರಗೆ ಸಿಗುವುದಿಲ್ಲ ಎಂಬ ತಲೆನೋವು ಇಲ್ಲಿ ಇಲ್ಲ. ಸ್ಕ್ರಿಪ್ಟ್ ಓದಲು ಸಲೀಸು. ಆದರೆ ಸ್ಕ್ರಿಪ್ಟ್ ಸತ್ತರೂ ಕಿಟಕಿ ಹಾಗೇ ನಿಂತಿರುತ್ತದೆ, ಸ್ಕ್ರಿಪ್ಟ್ ನಿಲ್ಲುವಾಗ ಓಡುವ ‘ಟ್ರ್ಯಾಪ್’ ಸಾಲು ಹಾಕಿ ನಾವೇ ಮುಚ್ಚಬೇಕು. ಸಂದೇಶ ಕಳಿಸುವ ಕ್ಯೂಡಿಬಸ್‌ನ ಹೆಸರು ಒಂದೊಂದು ಲಿನಕ್ಸ್‌ನಲ್ಲಿ ಒಂದೊಂದು ಥರ. ಉಬುಂಟುವಿನ ಮಾಮೂಲಿ ಡೆಸ್ಕ್‌ಟಾಪ್ ಆದ ಗ್ನೋಮ್ ಇರುವ ಕಂಪ್ಯೂಟರಿಗೆ ಕೆಡೈಲಾಗ್ ಹಾಕಿದರೆ ಇನ್ನೊಂದು ಡೆಸ್ಕ್‌ಟಾಪ್ ಆದ ಕೆಡಿಇಯ ಲೈಬ್ರರಿಗಳೂ ಹಿಂದಿನಿಂದ ಬರುತ್ತವೆ. ಕೆಡಿಇ ಬಳಸುವವರಿಗೆ ಇದನ್ನೇ ಬಳಸಿ ಎಂದು ಧಾರಾಳವಾಗಿ ಹೇಳುತ್ತೇನೆ, ಆದರೆ ನಮ್ಮ ಕೆಲಸಕ್ಕೆ ಜಾಸ್ತಿಯಾಯಿತು.

ಇನ್ನು ಯಾಡ್. ಇದು ಝೆನಿಟಿಯಿಂದಲೇ ಕವಲೊಡೆದದ್ದು. ಅಂಕಿ ಮತ್ತು # ಸಾಲಿನ ಪದ್ಧತಿ ಇಲ್ಲೂ ನಡೆಯುತ್ತದೆ, ಹೆಚ್ಚು ಬದಲಾವಣೆ ಇಲ್ಲದೆ ಸ್ಕ್ರಿಪ್ಟ್ ಈ ಕಡೆ ಬರುತ್ತದೆ. ಮೇಲಿಂದ ಸಿಗುವುದು ಬಹಳ. ನಮ್ಮದೇ ಕನ್ನಡ ಪದಗಳಿರುವ ಬಟನ್‌ಗಳನ್ನು ಬೇಕಾದಷ್ಟು ಇಡಬಹುದು, ಪಕ್ಕದಲ್ಲಿ ಚಿತ್ರ ಇಡಬಹುದು. ಫಾಂಟಿಗೆ ಒಂದು ಬಾರ್, ಕೀಬೋರ್ಡಿಗೆ ಒಂದು ಬಾರ್ ಎಂದು ಒಂದೇ ಕಿಟಕಿಯಲ್ಲಿ ಹಲವು ಬಾರ್ ತೋರಿಸಬಹುದು. ನನಗೆ ತುಂಬ ಹಿಡಿಸಿದ್ದು ಲಾಗ್. ಆ ಆಯ್ಕೆ ಹಾಕಿದರೆ # ಸಾಲುಗಳೆಲ್ಲ ಬಾರ್‌ನ ಜೊತೆಗೇ ಒಂದರ ಕೆಳಗೆ ಒಂದು ಉಳಿಯುತ್ತವೆ. ಏನಾದರೂ ಕೆಟ್ಟರೆ ಮಾಷ್ಟ್ರು ಅದರ ಫೋಟೋ ತೆಗೆದು ವಾಟ್ಸಾಪಿನಲ್ಲಿ ಕಳಿಸಿದರೆ ಸಾಕು. ಎಲ್ಲಿ ನಿಂತಿದೆ ಅಂತ ಮನೆಯಲ್ಲಿ ಕೂತೇ ಹೇಳಬಹುದು. ಝೆನಿಟಿಯಲ್ಲಿ ಹಳೆಯ ಸಾಲು ಹೋದರೆ ಹೋಯಿತು.

ಹಾಗಿದ್ದರೂ ಯಾಡ್ ಹಿಂದೆ ಬಿದ್ದದ್ದು ಒಂದೇ ಕಾರಣಕ್ಕೆ. ಉಬುಂಟುವಿನ ಗ್ನೋಮ್ ಡೆಸ್ಕ್‌ಟಾಪಿನಲ್ಲಿ ಝೆನಿಟಿ ಮೊದಲೇ ಇರುತ್ತದೆ, ಯಾಡ್ ಇರುವುದಿಲ್ಲ. ಇನ್‌ಸ್ಟಾಲರ್ ಓಡಿಸುವ ಮೊದಲು ಯಾಡನ್ನೇ ಇನ್‌ಸ್ಟಾಲ್ ಮಾಡಬೇಕು, ಆ ಹೊತ್ತಿಗೆ ತೋರಿಸಲು ಕಿಟಕಿಯೂ ಇಲ್ಲ, ಬಾರೂ ಇಲ್ಲ. ಪೆನ್‌ಡ್ರೈವಿನಲ್ಲಿ ಒಯ್ದು ಯಾರೋ ಓಡಿಸುವ ಇನ್‌ಸ್ಟಾಲರ್‌ಗೆ ಇದು ಸಣ್ಣ ಮಾತಲ್ಲ. ಒಂದೇ ಲ್ಯಾಬಿನ ಕಂಪ್ಯೂಟರುಗಳನ್ನು ನೀವೇ ನೋಡಿಕೊಳ್ಳುವವರಾದರೆ ಎಲ್ಲದಕ್ಕೂ ಯಾಡ್ ಹಾಕಿಟ್ಟುಕೊಳ್ಳಿ, ಲಾಗ್ ಒಂದಕ್ಕಾಗಿಯೇ ಹಾಕಿಕೊಳ್ಳಬಹುದು.

ಉಳಿದವರಿಗೆ ನಾನು ಮಾಡಿಕೊಂಡ ದಾರಿ ಹೀಗಿದೆ. ಸ್ಕ್ರಿಪ್ಟ್ ಶುರುವಾದಾಗ ಯಾಡ್ ಇದೆಯೋ ಅಂತ ನೋಡುತ್ತದೆ. ಇದ್ದರೆ ಅದರಲ್ಲೇ ಬಾರ್, ಲಾಗ್ ಎಲ್ಲ. ಇಲ್ಲದಿದ್ದರೆ ಝೆನಿಟಿ. ಸಾಲುಗಳ ಪದ್ಧತಿ ಎರಡಕ್ಕೂ ಒಂದೇ ಆದ್ದರಿಂದ ಕಿಟಕಿ ತೆರೆಯುವ ಸಾಲು ಮಾತ್ರ ಬೇರೆ. ಝೆನಿಟಿಯಲ್ಲಿ ಓಡುವಾಗ # ಸಾಲುಗಳನ್ನೆಲ್ಲ ‘ಟೀ’ ಮೂಲಕ ಹೋಮ್ ಫೋಲ್ಡರಿನ ಒಂದು ಫೈಲಿಗೂ ಬರೆಸುತ್ತೇನೆ. ಫೋಟೋದ ಬದಲು ಆ ಫೈಲನ್ನು ಕಳಿಸಿದರೆ ಆಯಿತು.