ರಾಜ್ಯೋತ್ಸವಕ್ಕೆ ಪಿನ್ ಮಾಡಿಸಿದ ಅಂಗಡಿ: ಕೆಲಸಕ್ಕೆ ಪೂರ್ತಿ ಮಾರ್ಕ್ಸ್, ಸಲಹೆಗೆ ಇಲ್ಲ

ಚಿಕ್ಕಪೇಟೆ ಕಡೆಯ ಒಂದು ಟ್ರೋಫಿ, ಬ್ಯಾಡ್ಜ್ ಅಂಗಡಿಯಲ್ಲಿ ನಮ್ಮ ಆಫೀಸಿನ ಕನ್ನಡ ಬಳಗಕ್ಕೆ ಎರಡು ಥರದ ಪಿನ್ ಮಾಡಿಸಿದೆವು. ಒಂದು ಹಳದಿ-ಕೆಂಪು ಬಾವುಟ, ಇನ್ನೊಂದು ಗಂಡಭೇರುಂಡ. ದೂರು ಇರುವುದರಿಂದ ಅಂಗಡಿ ಹೆಸರು ಹಾಕುತ್ತಿಲ್ಲ. ಒಟ್ಟಾರೆ 5ಕ್ಕೆ ಮೂರೂವರೆ ಕೊಡುತ್ತೇನೆ. ಕೈಕೆಲಸ ಚೆನ್ನಾಗಿದೆ. ಆದರೆ ಕೌಂಟರಿನಲ್ಲಿ ಕೂತವರ ಮಾತು ಕೇಳಿ ಆರ್ಡರ್ ಕೊಟ್ಟರೆ ದುಡ್ಡು ದಂಡ.

ಒಳಗೆ ಕಾಲಿಟ್ಟ ಕೂಡಲೇ ಶುರು. "ಸರ್, ಹಾರ್ಡ್ ಎನಾಮೆಲ್ ತಗೊಳ್ಳಿ, ಅದೇ ಟಾಪು, ಫಿನಿಶಿಂಗ್ ನೋಡಿ." ಬಾವುಟಕ್ಕೂ ಅದೇ, ಹಕ್ಕಿಗೂ ಅದೇ. ಯಾವ ಡಿಸೈನ್ ಅಂತ ನೋಡೋಕೂ ಮುಂಚೆ!

ಪಿನ್‌ಗೆ ಎನಾಮೆಲ್ ಬಣ್ಣ ತುಂಬುವುದರಲ್ಲಿ ಸಾಫ್ಟ್, ಹಾರ್ಡ್ ಅಂತ ಎರಡು ಥರ. ಎರಡಕ್ಕೂ ವ್ಯತ್ಯಾಸ ಇಷ್ಟೇ. ಮೊದಲು ಉಕ್ಕಿನ ಡೈಯಿಂದ ಹಿತ್ತಾಳೆ ತಗಡಿನ ಮೇಲೆ ಅಚ್ಚು ಒತ್ತುತ್ತಾರೆ. ಗೆರೆಗಳು ಮೇಲೆ ಎದ್ದು ನಿಲ್ಲುತ್ತವೆ, ನಡುವೆ ತಗ್ಗು ಉಳಿಯುತ್ತದೆ. ಸಾಫ್ಟ್ ಎನಾಮೆಲ್‌ನಲ್ಲಿ ಸಾಮಾನ್ಯವಾಗಿ ಮೊದಲು ಪ್ಲೇಟಿಂಗ್ (ಮೇಲೆ ಬೇರೆ ಲೋಹದ ತೆಳು ಲೇಪ) ಮಾಡಿ, ಆಮೇಲೆ ರಂಗೋಲಿ ಗೆರೆಯೊಳಗೆ ಬಣ್ಣ ತುಂಬಿದ ಹಾಗೆ ತಗ್ಗಿಗೆ ಬಣ್ಣ ಬಿಟ್ಟು ಓವನ್ನಿನಲ್ಲಿ ಒಣಗಿಸುತ್ತಾರೆ. ಬಣ್ಣ ಗೆರೆಗಿಂತ ಕೆಳಗೇ ಇರುತ್ತದೆ, ಉಗುರು ಆಡಿಸಿದರೆ ಗೆರೆ ಕೈಗೆ ಸಿಗುತ್ತದೆ. ಹಾರ್ಡ್ ಎನಾಮೆಲ್‌ನಲ್ಲಿ ಬಣ್ಣವನ್ನು ಗೆರೆಯ ಮಟ್ಟಕ್ಕೆ ತುಂಬಿ, ಸುಟ್ಟು, ಗೆರೆ ಬಣ್ಣ ಎರಡೂ ಸಮ ಆಗುವವರೆಗೆ ಉಜ್ಜಿ, ಕೊನೆಗೆ ಪ್ಲೇಟಿಂಗ್. ಹಳೇ ಕಾಲದ ಅಸಲಿ ಎನಾಮೆಲ್ ಅಂದರೆ ಗಾಜಿನ ಪುಡಿ, ಸುಮಾರು 800 ಡಿಗ್ರಿಯಲ್ಲಿ ಬೇಯಿಸಿದ್ದು. ಈಗ ಅಂಗಡಿಗಳಲ್ಲಿ ಈ ಹೆಸರಲ್ಲಿ ಸಿಗುವುದು ಹೆಚ್ಚಾಗಿ ಪ್ಲಾಸ್ಟಿಕ್ ಥರದ ರೆಸಿನ್, ಅದಕ್ಕೆ ಅಷ್ಟೆಲ್ಲ ಬಿಸಿ ಬೇಡ. ಅದೇನೂ ಮೋಸ ಅಲ್ಲ, ಗಟ್ಟಿಯಾಗೇ ಇರುತ್ತದೆ, ಆದರೆ "ಒರಿಜಿನಲ್ ಎನಾಮೆಲ್ ಸರ್" ಅಂತ ರೇಟು ಏರಿಸಿದರೆ ಸುಮ್ನೆ ತಲೆ ಆಡಿಸಬೇಡಿ.

ಬಾವುಟಕ್ಕೆ ಹಾರ್ಡ್ ಎನಾಮೆಲ್ ನಿಜಕ್ಕೂ ಒಪ್ಪುತ್ತದೆ. ಎರಡೇ ಬಣ್ಣ, ದೊಡ್ಡ ಜಾಗ, ನುಣ್ಣಗೆ ಬಂದಿದೆ. ಆದರೆ ಒಂದು ವಿಷಯ ಸ್ಯಾಂಪಲ್ ಕೈಗೆ ಬರುವವರೆಗೆ ಯಾರೂ ಹೇಳಲಿಲ್ಲ. ಎನಾಮೆಲ್‌ನಲ್ಲಿ ಎರಡು ಬಣ್ಣದ ನಡುವೆ ಲೋಹದ ಗೆರೆ ಇರಲೇಬೇಕು, ಇಲ್ಲದಿದ್ದರೆ ಒಂದರೊಳಗೆ ಒಂದು ಹರಿಯುತ್ತದೆ. ನಮ್ಮ ಬಾವುಟದಲ್ಲಿ ಅಂಥ ಗೆರೆ ಇಲ್ಲ, ಪಿನ್‌ನಲ್ಲಿ ಬರುತ್ತದೆ. ಜೊತೆಗೆ ಸುತ್ತ ಅಂಚು. ಅವರು ತೋರಿಸಿದ ಗೋಲ್ಡ್ ಪ್ಲೇಟಿಂಗ್‌ನಲ್ಲಿ ಅಂಚು ಹಳದಿಯ ಜೊತೆ ಕಲೆತುಹೋಗಿ, ಸ್ವಲ್ಪ ದೂರದಿಂದ ನೋಡಿದರೆ ಬರೀ ಕೆಂಪು ಪಟ್ಟಿ ಕಾಣುತ್ತಿತ್ತು. ಬ್ಲ್ಯಾಕ್ ನಿಕ್ಕಲ್‌ನಲ್ಲಿ ಇನ್ನೊಂದು ಸ್ಯಾಂಪಲ್ ಮಾಡಿಸಿದೆವು. ಹಳದಿ ಎದ್ದು ಬಂತು! ಗೋಲ್ಡೇ ಬೇಕು ಅಂತ ಹಠ ಹಿಡಿದಿದ್ದ ನಮ್ಮ ಖಜಾಂಚಿಯೂ ಸುಮ್ಮನಾದರು.

ಬಾವುಟದ ಕೆಳಗೆ "ಕನ್ನಡ" ಅಂತ ಬರೆಸುವ ಆಸೆ ಇತ್ತು. ಒಂದಿಂಚಿನ ಪಿನ್‌ನಲ್ಲಿ ಒತ್ತಕ್ಷರದ ಗತಿ ಕೇಳಬೇಡಿ. ನಕಾರದ ಒತ್ತು ಮುದ್ದೆಯಾಗಿ, ಕಕಾರದ ಹೊಟ್ಟೆ ಮುಚ್ಚಿಹೋಗಿತ್ತು. ಅಕ್ಷರ ಬೇಕೇ ಬೇಕು ಅಂದರೆ ಪಿನ್ ದೊಡ್ಡದು ಮಾಡಿಸಿ, ದಪ್ಪ ಫಾಂಟ್ ಕೊಡಿ, ಅಕ್ಷರವನ್ನು ಉಬ್ಬಿದ ಲೋಹದಲ್ಲೇ ಬಿಡಿಸಿ. ನಾವು ಅಕ್ಷರ ತೆಗೆದೇಬಿಟ್ಟೆವು.

ಗಂಡಭೇರುಂಡದ ವಿಷಯದಲ್ಲಿ ಇವರ ಕೆಲಸಕ್ಕೆ ಪೂರ್ತಿ ಮಾರ್ಕ್ಸ್. ರೆಕ್ಕೆಯ ಸಣ್ಣ ಸಣ್ಣ ಗರಿಗೆ ಬಣ್ಣ ತುಂಬುವುದು ಆಗದ ಮಾತು. ಹಾರ್ಡ್ ಎನಾಮೆಲ್ ಮಾಡಿಸಿದ್ದರೆ ಉಜ್ಜಿ ಉಜ್ಜಿ ಎರಡು ತಲೆಯೂ ಸಪಾಟಾಗುತ್ತಿತ್ತು. ಬಣ್ಣವೇ ಬೇಡ, ಬರೀ ಅಚ್ಚು, ಮೇಲೆ ಆ್ಯಂಟಿಕ್ ಫಿನಿಶ್ ಅಂದೆವು. ಆ್ಯಂಟಿಕ್ ಅಂದರೆ ಪ್ಲೇಟಿಂಗ್ ಆದಮೇಲೆ ಕಪ್ಪು ಹಿಡಿಸಿ, ಉಬ್ಬಿದ ಕಡೆ ಮಾತ್ರ ಒರೆಸಿ ತೆಗೆಯುವುದು. ತಗ್ಗಿನಲ್ಲಿ ಕಪ್ಪು ಉಳಿಯುವುದರಿಂದ ಒಂದೊಂದು ಗರಿಯೂ ಬೇರೆ ಬೇರೆ ಕಾಣುತ್ತದೆ. ಕೊಕ್ಕಿನ ತುದಿ, ಕಣ್ಣಿನ ಚುಕ್ಕಿ ಎಲ್ಲ ಸ್ಪಷ್ಟ. ಬಣ್ಣ ಇಲ್ಲದ್ದರಿಂದ ರೇಟೂ ಕಮ್ಮಿ. ಬಹುಶಃ ಅದಕ್ಕೇ ಅವರಾಗಿ ಅದನ್ನು ತೋರಿಸಲಿಲ್ಲ, ಅಲ್ವಾ?

ಇನ್ನೊಂದು ಆಯ್ಕೆ, ಪ್ರಿಂಟ್ ಮಾಡಿ ಮೇಲೆ ಎಪಾಕ್ಸಿ (ಗಾಜಿನ ಹಾಗೆ ಕಾಣುವ ಪಾರದರ್ಶಕ ರೆಸಿನ್) ಸುರಿಯುವುದು. ಫೋಟೋ, ಮಿಶ್ರ ಛಾಯೆ ಇದ್ದರೆ ಅದೇ ಗತಿ. ಅಗ್ಗ, ಆದರೆ ಬಿಸಿಲಿಗೆ ಎಪಾಕ್ಸಿ ಹಳದಿ ತಿರುಗುತ್ತದೆ. ನಾವು ಆ ಕಡೆ ಹೋಗಲಿಲ್ಲ.

ಈಗ ದೂರು. ಬಾವುಟದ ಪಿನ್ ಹಿಂದೆ ಒಂದೇ ಮೊಳೆ ಹಾಕಿ ಕೊಟ್ಟಿದ್ದಾರೆ. ಒಂದೇ ಮೊಳೆ ಇದ್ದರೆ ಪಿನ್ ತಿರುಗುತ್ತದೆ. ಬೇರೆ ಪಿನ್ ತಿರುಗಿದರೆ ಏನಾಯ್ತು ಅನ್ನಬಹುದು, ಇದು ಬಾವುಟ! ನವೆಂಬರ್ 1ರ ಬೆಳಗ್ಗೆ ಧ್ವಜಾರೋಹಣದ ಸಾಲಿನಲ್ಲಿ ಅರ್ಧ ಜನರ ಎದೆ ಮೇಲೆ ಕೆಂಪು ಮೇಲೆ, ಹಳದಿ ಕೆಳಗೆ. ಫೋನ್ ಮಾಡಿ ಕೇಳಿದರೆ "ಎಲ್ಲರೂ ಇದನ್ನೇ ತಗೊಳ್ಳೋದು ಸರ್" ಅಂತ ಉತ್ತರ. ದಿನಾ ಪಿನ್ ಮಾರುವವರು ಹೇಳಬೇಕಾದ ಮಾತು ಅದಲ್ಲ.

ಕ್ಲಚ್, ಅಂದರೆ ಬಟ್ಟೆಯ ಹಿಂದೆ ಮೊಳೆಯನ್ನು ಹಿಡಿಯುವ ಬಿರಡೆ, ಅದರ ವಿಷಯದಲ್ಲೂ ನೀವೇ ಕೇಳಿ ತಗೊಳ್ಳಬೇಕು. ಮಾಮೂಲಿ ಚಿಟ್ಟೆ ಕ್ಲಚ್ ಲೋಹದ್ದು, ಸಡಿಲವಾದರೆ ಎಲ್ಲೋ ಬಿದ್ದುಹೋಗುತ್ತದೆ. ರಬ್ಬರಿನದು ಚೆನ್ನಾಗಿ ಹಿಡಿಯುತ್ತದೆ. ರೇಷ್ಮೆ ಸೀರೆ ಉಡುವವರು ಮ್ಯಾಗ್ನೆಟ್ ಇರುವುದನ್ನೇ ಕೇಳಿ, ತೂತು ಬೀಳುವುದಿಲ್ಲ. ಪೇಸ್‌ಮೇಕರ್ ಇರುವ ಹಿರಿಯರಿಗೆ ಮಾತ್ರ ಅದು ಬೇಡ. ಹಾಗೇ ಹಿತ್ತಾಳೆ ಅಂತ ಹೇಳಿ ಕಬ್ಬಿಣ ಕೊಡುತ್ತಾರಾ ಅನ್ನೋ ಅನುಮಾನ ಇದ್ದರೆ ಫ್ರಿಜ್ ಮ್ಯಾಗ್ನೆಟ್ ಹಿಡಿದು ನೋಡಿ. ಗಟ್ಟಿಯಾಗಿ ಕಚ್ಚಿಕೊಂಡರೆ ಕಬ್ಬಿಣ, ಗೀರು ಬಿದ್ದ ಕಡೆ ತುಕ್ಕು ಹಿಡಿಯುತ್ತದೆ. ನಮ್ಮದು ಹಿತ್ತಾಳೆಯೇ, ಅದರಲ್ಲಿ ಮಾತು ಉಳಿಸಿಕೊಂಡಿದ್ದಾರೆ.

100ಕ್ಕಿಂತ ಕಮ್ಮಿ ಆರ್ಡರ್ ತಗೊಳ್ಳಲ್ಲ, ಡೈ ಚಾರ್ಜ್ ಬೇರೆ. ಅಕ್ಟೋಬರ್‌ನಲ್ಲಿ ಹೋದರೆ ಮಾತಾಡಿಸಲೂ ಅವರಿಗೆ ಪುರುಸೊತ್ತಿಲ್ಲ, ಸೆಪ್ಟೆಂಬರ್‌ನಲ್ಲೇ ಹೋಗಿ. ಇಷ್ಟೆಲ್ಲ ಆದರೂ ಮುಂದಿನ ವರ್ಷ ನಾವು ಹೋಗುವುದು ಅಲ್ಲಿಗೇ. ಡೈಗೆ ದುಡ್ಡು ಕೊಟ್ಟವರು ನಾವು. ಅದು ನಮ್ಮದು, ಮುಂದಿನ ಸಲ ಬಾವುಟಕ್ಕೆ ಎರಡು ಮೊಳೆ ಅಂತ ಬಿಲ್ಲಿನ ಮೇಲೇ ಬರೆಸಿ, ಸೀಲ್ ಹಾಕಿಸಿಕೊಂಡು ಬಂದಿದ್ದೇವೆ.