ಮಳೆಗಾಲದ ಲ್ಯಾಬಿಗೆ ಅಲ್ಯೂಮಿನಿಯಂ ಟಿಎಲ್‌ಸಿ ಪ್ಲೇಟ್

ಬ್ಯಾಕ್ಟೀರಿಯಾ ಪೊರೆಯ ಕೊಬ್ಬಿನಂಥ ಲಿಪಿಡ್‌ಗಳನ್ನು ಬೇರ್ಪಡಿಸಿ ನೋಡಲು ಈ 20×20 ಸೆಂ.ಮೀ. ಸಿಲಿಕಾ ಪ್ಲೇಟ್ ಚೆನ್ನಾಗಿದೆ. ಟಿಎಲ್‌ಸಿ ಎಂದರೆ ತೆಳುಪದರ ಕ್ರೊಮಟೋಗ್ರಫಿ: ದ್ರಾವಕ ಪದರದಲ್ಲಿ ಮೇಲೇರುತ್ತ ಬೆರೆತ ವಸ್ತುಗಳನ್ನು ಬೇರೆ ಬೇರೆ ಚುಕ್ಕೆಗಳಾಗಿಸುವ ವಿಧಾನ. ಕತ್ತರಿಯಲ್ಲೇ ಬೇಕಾದ ಅಳತೆಗೆ ಕತ್ತರಿಸಬಹುದು. ಕಾಲೇಜು ಲ್ಯಾಬಿಗೆ ನಿಜಕ್ಕೂ ಉಳಿತಾಯ. ಆದರೆ ಜುಲೈನ ಶಿವಮೊಗ್ಗ, ತೀರ್ಥಹಳ್ಳಿಯ ತೇವ ಇದಕ್ಕೆ ಆಗಿಬರುವುದಿಲ್ಲ. ಸಿಲಿಕಾ ನೀರು ಹೀರಿಕೊಂಡರೆ ಚುಕ್ಕೆಗಳು ಜಾಗ ತಪ್ಪುತ್ತವೆ, ಒಂದು ದಿನದ ಫಲಿತಾಂಶ ಇನ್ನೊಂದು ದಿನಕ್ಕೆ ತಾಳೆಯಾಗುವುದಿಲ್ಲ. 110 ಡಿಗ್ರಿಯಲ್ಲಿ ಅರ್ಧ ಗಂಟೆ ಕಾಯಿಸಿ, ತೇವ ತಾಗದ ಮುಚ್ಚಿದ ಪಾತ್ರೆಯಾದ ಡೆಸಿಕೇಟರ್‌ನಲ್ಲಿ ಆರಿಸಿ, ತೆಗೆದ ಕೂಡಲೇ ಸ್ಯಾಂಪಲ್ ಹಾಕಿ.

ಕ್ಲೋರೋಫಾರ್ಮ್, ಮೆಥನಾಲ್, ನೀರು 65:25:4 ಪ್ರಮಾಣದ ದ್ರಾವಕದಲ್ಲಿ ಓಡಿಸಿದರೆ ಸಾಕು. ಇ. ಕೋಲೈ ಸಾರದಲ್ಲಿ ಫಾಸ್ಫಟಿಡೈಲ್ ಎಥನೋಲಮೈನ್‌ನದೇ ದಪ್ಪ ಚುಕ್ಕೆ. ಫಾಸ್ಫೊಲಿಪಿಡ್‌ನ (ರಂಜಕವಿರುವ ಲಿಪಿಡ್) ಮುಕ್ಕಾಲು ಪಾಲು ಅದೇ ತಾನೆ.

ನಮ್ಮ ಕೆಂಪುಮಣ್ಣು ರಂಜಕವನ್ನು ಬಿಗಿಹಿಡಿಯುವಂಥದ್ದು. ರಂಜಕ ಸಾಲದಾದಾಗ ಮಣ್ಣಿನಲ್ಲಿರುವ ಕೆಲವು ಬ್ಯಾಕ್ಟೀರಿಯಾ, ಸ್ಯೂಡೋಮೊನಾಸ್‌ಗಳು ಪೊರೆಯಲ್ಲಿ ರಂಜಕವಿಲ್ಲದ ಆರ್ನಿಥಿನ್ ಲಿಪಿಡ್ ತುಂಬಿಕೊಳ್ಳುತ್ತವೆ. ಇದನ್ನು ಹಿಡಿಯುವುದೇ ಈ ಪ್ಲೇಟಿನ ಸೊಗಸು: ಮೊದಲು ನಿನ್‌ಹೈಡ್ರಿನ್ ಸಿಂಪಡಿಸಿ ಕಾಯಿಸಿ, ನೇರಳೆ ಚುಕ್ಕೆಗಳಿಗೆ ಪೆನ್ಸಿಲ್ ಗುರುತು ಹಾಕಿ, ಆಮೇಲೆ ರಂಜಕವಿರುವ ಚುಕ್ಕೆಯನ್ನು ನೀಲಿಯಾಗಿಸುವ ಮಾಲಿಬ್ಡಿನಂ ಬ್ಲೂ ಹೊಡೆಯಿರಿ. ನೇರಳೆ ಬಂದು ನೀಲಿಯಾಗದೆ ಉಳಿದ ಚುಕ್ಕೆಯ ಮೇಲೆ ಕಣ್ಣಿಡಿ, ಅದು ಆರ್ನಿಥಿನ್ ಲಿಪಿಡ್ ಇರಬಹುದು.

ಸಾರ ತೆಗೆಯಲು ಗಾಜಿನ ಟ್ಯೂಬ್, ಟೆಫ್ಲಾನ್ ಮುಚ್ಚಳವೇ ಬೇಕು. ಪ್ಲಾಸ್ಟಿಕ್ಕಿನಿಂದ ಕ್ಲೋರೋಫಾರ್ಮ್ ಎಳೆದುಕೊಳ್ಳುವ ಕಲ್ಮಶ ಸುಳ್ಳು ಚುಕ್ಕೆಯಾಗಿ ಕಾಣುತ್ತದೆ. ಚುಕ್ಕೆ ಕಾಣಲೆಂದು ಸಲ್ಫ್ಯೂರಿಕ್ ಆಮ್ಲ ಹಾಕಿ ಸುಡುವವರು ಅಲ್ಯೂಮಿನಿಯಂ ಬಿಟ್ಟು ಗಾಜಿನ ಪ್ಲೇಟನ್ನೇ ತರಿಸಿಕೊಳ್ಳಿ.