ಮುಂದಿನ ಎಪಿಸೋಡ್ 5 ಸೆಕೆಂಡಿನಲ್ಲಿ: ಸ್ಟ್ರೀಮಿಂಗ್ ಜೊತೆ ನನ್ನ ನಾಲ್ಕು ವರ್ಷ

ನಾಲ್ಕು ವರ್ಷದಿಂದ ರಾತ್ರಿ ಒಂದೇ ಒಂದು ಎಪಿಸೋಡ್ ನೋಡುತ್ತಿದ್ದೇನೆ. ದಿನಕ್ಕೊಂದು ಶೋ. ಎಲ್ಲವೂ ನನಗೆ ತುಂಬಾ ಇಷ್ಟವಾದವು, ಹೆಚ್ಚಿನವು ಎರಡನೇ ಸಲ ನೋಡುತ್ತಿರುವವು. ಇದಕ್ಕೆ ಮೂರು ಸ್ಟ್ರೀಮಿಂಗ್ ಆ್ಯಪ್ ಹಾಕಿಸಿಕೊಂಡಿದ್ದೇನೆ. ಮೂರಕ್ಕೂ ಸೇರಿಸಿ ಐದಕ್ಕೆ ಮೂರೂವರೆ ಕೊಡುತ್ತೇನೆ. ಆ ಒಂದೂವರೆ ಎಲ್ಲಿ ಕಳೆಯಿತು ಅಂತ ಹೇಳಲು ಹೋದ ವಾರ ನೋಡಿದ್ದೇ ಸಾಕು. ಕಥೆಯ ಗುಟ್ಟುಗಳು ಬರುತ್ತವೆ, ನೋಡಿಲ್ಲದವರು ಜೋಪಾನ.

ಸೋಮವಾರ 'ಬೆಟರ್ ಕಾಲ್ ಸಾಲ್', ಮೂರನೇ ಸೀಸನ್‌ನ ಐದನೇ ಎಪಿಸೋಡ್. 2017ರಲ್ಲಿ ಬಂದದ್ದು. ಅಣ್ಣ ಚಕ್, ತಮ್ಮ ಜಿಮ್ಮಿ, ಇಬ್ಬರೂ ವಕೀಲರು. ಕರೆಂಟ್ ಇರುವ ಯಾವ ವಸ್ತು ಹತ್ತಿರ ಬಂದರೂ ತನಗೆ ಆಗುವುದಿಲ್ಲ ಎಂದು ಚಕ್ ನಂಬಿದ್ದಾನೆ. ವಿಚಾರಣೆ ನಡೆಯುವಾಗ ಜಿಮ್ಮಿ ಅವನಿಗೆ ಜೇಬು ನೋಡಿಕೊಳ್ಳಲು ಹೇಳುತ್ತಾನೆ. ಅಲ್ಲಿ ಪೂರ್ತಿ ಚಾರ್ಜ್ ಆದ ಬ್ಯಾಟರಿ! ಒಂದು ಗಂಟೆ ನಲವತ್ಮೂರು ನಿಮಿಷದಿಂದ ಅಲ್ಲೇ ಇತ್ತು, ಚಕ್‌ಗೆ ಏನೂ ಆಗಿರಲಿಲ್ಲ. ಆಮೇಲೆ ಚಕ್ ಪಾತ್ರದ ಮೈಕೆಲ್ ಮೆಕೀನ್ ಮಾಡುವ ನಟನೆ ಇದೆಯಲ್ಲ, ಅದನ್ನು ಎಷ್ಟು ಸಲ ನೋಡಿದರೂ ನನ್ನ ಕೈ ತಣ್ಣಗಾಗುತ್ತದೆ. ತಮ್ಮನ ಮೇಲಿದ್ದ ಎಷ್ಟೋ ವರ್ಷದ ಸಿಟ್ಟು ಒಂದೇ ಉಸಿರಿಗೆ ಹೊರಗೆ ಬರುತ್ತದೆ. ಮಾತು ನಿಲ್ಲಿಸಿದಾಗ ಎಲ್ಲರೂ ಅವನನ್ನೇ ನೋಡುತ್ತಿರುತ್ತಾರೆ. ಜಿಮ್ಮಿ ಗೆದ್ದಿದ್ದಾನೆ, ಆದರೆ ಅವನ ಮುಖದಲ್ಲಿ ಗೆದ್ದ ಖುಷಿ ಇಲ್ಲ.

ಮೊದಲ ಸಲ ಇದನ್ನು ನೋಡಿದಾಗ ಆ್ಯಪ್ ಏನು ಮಾಡಿತು ಗೊತ್ತಾ? ಚಿತ್ರವನ್ನು ಪರದೆಯ ಮೂಲೆಗೆ ತಳ್ಳಿ, ಐದು, ನಾಲ್ಕು, ಮೂರು ಎಂದು ಎಣಿಸತೊಡಗಿತು. ರಿಮೋಟ್ ಕೈಗೆ ಸಿಗುವಷ್ಟರಲ್ಲಿ ಮುಂದಿನ ಎಪಿಸೋಡ್ ಶುರು. ಚಕ್‌ನ ಬಗ್ಗೆ ಅಯ್ಯೋ ಅನ್ನಿಸಲೂ ಸಮಯ ಸಿಗಲಿಲ್ಲ. ನನ್ನ ದೊಡ್ಡ ದೂರು ಇದೇ. ಎಪಿಸೋಡ್ ಮುಗಿದ ಮೇಲಿನ ಎರಡು ನಿಮಿಷ ನೋಡುವವರದ್ದು. ಅದನ್ನು ಕಿತ್ತುಕೊಳ್ಳಬಾರದು. ಹೀಗೆ ತಾನಾಗಿಯೇ ಮುಂದಿನದು ಶುರುವಾಗುವ ಆಟೋಪ್ಲೇಯನ್ನು ಪ್ರೊಫೈಲ್ ಸೆಟ್ಟಿಂಗ್ಸ್‌ನಲ್ಲಿ ಆಫ್ ಮಾಡಬಹುದು ಎಂದು ಗೊತ್ತಾಗಲು ನನಗೆ ಏಳು ತಿಂಗಳು ಬೇಕಾಯಿತು. ಟಿವಿಯಲ್ಲಿ ಸಿಗದಿದ್ದರೆ ಕಂಪ್ಯೂಟರ್‌ನಲ್ಲಿ ಲಾಗಿನ್ ಆಗಿ ಹುಡುಕಿ.

'ಸ್ಕಿಪ್ ಇಂಟ್ರೋ' ಬಟನ್ ಮೇಲೂ ನನಗೆ ಬೇಜಾರಿದೆ. ಅದನ್ನು ಒತ್ತುತ್ತಾ ಹೋದವರಿಗೆ ಇದೇ ಶೋನ ಕೊನೆಯ ಸೀಸನ್‌ನಲ್ಲಿ ಒಂದು ಒಳ್ಳೆ ಗಳಿಗೆ ತಪ್ಪಿಹೋಗುತ್ತದೆ. ಹತ್ತನೇ ಎಪಿಸೋಡ್‌ನಲ್ಲಿ ಟೈಟಲ್ ನಡುವೆಯೇ ಕಡಿದು, ಹಳೆಯ ವಿಸಿಆರ್ ಥರ ಪರದೆ ನೀಲಿಯಾಗುತ್ತದೆ. ಜಿಮ್ಮಿ ಸಾಲ್ ಎಂಬ ಹೆಸರಿನಲ್ಲಿ ಬದುಕಿದ ಕಾಲ ಮುಗಿಯಿತು ಅಂತ ಒಂದು ಮಾತಿಲ್ಲದೆ ಹೇಳಿಬಿಡುತ್ತಾರೆ. ಮಂಗಳವಾರ ನೋಡುವ 'ದಿ ವೈರ್' ಕೂಡ ಹಾಗೇ. ಐದು ಸೀಸನ್‌ಗೂ ಟೈಟಲ್ ಹಾಡು ಒಂದೇ, ಆದರೆ ಪ್ರತಿ ಸೀಸನ್‌ನಲ್ಲಿ ಅದನ್ನು ಹಾಡುವವರು ಬೇರೆ. ಈ ವಾರ ನಾಲ್ಕನೇ ಸೀಸನ್ ಶುರು ಮಾಡಿದೆ, ಶಾಲೆ ಮಕ್ಕಳ ಕಥೆ. ಇದರ ಬಗ್ಗೆ ಬರೆಯಲು ಕೂತರೆ ಬೇರೆಯದಕ್ಕೆ ಜಾಗ ಇರುವುದಿಲ್ಲ.

ಬುಧವಾರ ಜರ್ಮನ್ ಶೋ 'ಡಾರ್ಕ್'. ಆ್ಯಪ್ ತಾನಾಗಿಯೇ ಇಂಗ್ಲಿಷ್ ಡಬ್ಬಿಂಗ್ ಹಾಕಿತ್ತು. ಆಡಿಯೊ ಜರ್ಮನ್‌ಗೆ ಬದಲಾಯಿಸಿ, ಸಬ್‌ಟೈಟಲ್ ಹಾಕಿಕೊಂಡು ನೋಡಿ. ದನಿಯಲ್ಲೇ ಅರ್ಧ ಭಯ ಇದೆ. 1953, 1986, 2019 ಎಂದು ಮೂವತ್ಮೂರು ವರ್ಷಕ್ಕೊಮ್ಮೆ ಸುತ್ತುವ ಕಥೆಯಲ್ಲಿ ಒಬ್ಬನೇ ಮನುಷ್ಯ ಮೂರು ವಯಸ್ಸಿನಲ್ಲಿ ಬರುತ್ತಾನೆ. ಅಂಥ ಶೋಗೆ ಎಪಿಸೋಡ್ ಪಟ್ಟಿಯ ಚಿತ್ರದಲ್ಲೇ ಯಾರು ಬರುತ್ತಾರೆ ಅಂತ ತೋರಿಸಿಬಿಟ್ಟರೆ ಹೇಗೆ? ನಾನು ಈಗ ಪಟ್ಟಿ ತೆರೆಯುವುದೇ ಇಲ್ಲ, 'ಕಂಟಿನ್ಯೂ ವಾಚಿಂಗ್'ನಿಂದ ನೇರ ಹೋಗುತ್ತೇನೆ. ನಿಲ್ಲಿಸಿದ ಜಾಗವನ್ನು ಇಷ್ಟು ವರ್ಷದಲ್ಲಿ ಅದು ಒಮ್ಮೆಯೂ ತಪ್ಪಿಲ್ಲ.

ಗುರುವಾರಕ್ಕಾಗಿ ವಾರವಿಡೀ ಕಾದಿದ್ದೆ. 'ಲಾಸ್ಟ್', ನಾಲ್ಕನೇ ಸೀಸನ್, ಐದನೇ ಎಪಿಸೋಡ್. 2008ರ ಫೆಬ್ರವರಿಯಲ್ಲಿ ಮೊದಲು ಪ್ರಸಾರವಾದದ್ದು. ಡೆಸ್ಮಂಡ್‌ನ ಮನಸ್ಸು 1996 ಮತ್ತು 2004ರ ನಡುವೆ ಜಿಗಿಯುತ್ತಿರುತ್ತದೆ. ಎರಡೂ ಕಾಲದಲ್ಲಿ ಇರುವ ಯಾರಾದರೊಬ್ಬರನ್ನು ಹಿಡಿದುಕೊಳ್ಳದಿದ್ದರೆ ಸಾಯುತ್ತಾನೆ. ಅವನಿಗೆ ಇರುವುದು ಪ್ರೇಯಸಿ ಪೆನ್ನಿ ಒಬ್ಬಳೇ. ಆದರೆ 1996ರಲ್ಲಿ ಅವಳನ್ನು ಬಿಟ್ಟು ಹೋದವನು ಇವನೇ! ಬಾಗಿಲಿಗೆ ಹೋಗಿ ಫೋನ್ ನಂಬರ್ ಬೇಡುತ್ತಾನೆ. ಎಂಟು ವರ್ಷ ಫೋನ್ ಮಾಡುವುದಿಲ್ಲ, 2004ರ ಕ್ರಿಸ್‌ಮಸ್ ಹಿಂದಿನ ದಿನ ಮಾಡುತ್ತೇನೆ, ನಂಬರ್ ಮಾತ್ರ ಬದಲಾಯಿಸಬೇಡ ಎನ್ನುತ್ತಾನೆ. ಅವಳಿಗೆ ಇವನು ಹುಚ್ಚನಂತೆ ಕಾಣುತ್ತಾನೆ. ಆದರೂ ನಂಬರ್ ಕೊಡುತ್ತಾಳೆ.

ಆಮೇಲೆ 2004. ಹಡಗಿನಲ್ಲಿ ಸಯೀದ್ ರಿಪೇರಿ ಮಾಡಿಕೊಟ್ಟ ಫೋನ್, ಮುಗಿಯುತ್ತಿರುವ ಬ್ಯಾಟರಿ. ರಿಂಗ್ ಆಗುತ್ತದೆ. ಪೆನ್ನಿ ಎತ್ತುತ್ತಾಳೆ. ಇಬ್ಬರೂ ಒಟ್ಟಿಗೆ ಮಾತಾಡಲು ಹೋಗುತ್ತಾರೆ, ಒಬ್ಬರ ಮಾತು ಇನ್ನೊಬ್ಬರ ಮೇಲೆ ಬೀಳುತ್ತದೆ. ಸಮಯ ಇಲ್ಲ ಅಂತ ಇಬ್ಬರಿಗೂ ಗೊತ್ತು. ನಾನು ಈ ಸಲವೂ ಅತ್ತೆ. ಅವಳು ಎತ್ತುತ್ತಾಳೆ ಅಂತ ಗೊತ್ತಿದ್ದೂ ಎದೆ ಹೊಡೆದುಕೊಳ್ಳುತ್ತಿತ್ತು. ಮುಗಿದ ಮೇಲೆ ಪರದೆ ಸುಮ್ನೆ ಇತ್ತು, ಯಾರೂ ಏನೂ ಎಣಿಸಲಿಲ್ಲ. ಹತ್ತು ನಿಮಿಷ ಹಾಗೇ ಕೂತಿದ್ದೆ.

ಶುಕ್ರವಾರ 'ದಿ ಆಫೀಸ್'ನ ಡಿನ್ನರ್ ಪಾರ್ಟಿ ಎಪಿಸೋಡ್. ಬರಹಗಾರರ ಮುಷ್ಕರ ಮುಗಿದ ಮೇಲೆ 2008ರ ಏಪ್ರಿಲ್‌ನಲ್ಲಿ ಬಂದದ್ದು. ಆಫೀಸಿನ ಬಾಸ್ ಮೈಕೆಲ್ ತನ್ನ ಪುಟ್ಟ ಟಿವಿಯನ್ನು ಗೋಡೆಗೆ ಒತ್ತಿ ತೋರಿಸುವಾಗ ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು. ಶನಿವಾರ 'ಹೌಸ್'ನ ಮೊದಲ ಸೀಸನ್, ಕಾಲು ನೋವಿನ ಮೂವರು ರೋಗಿಗಳ ಪಾಠ. ಮೂರನೆಯವನು ಪಾಠ ಹೇಳುತ್ತಿರುವ ಡಾಕ್ಟರ್ ಹೌಸ್ ತಾನೇ ಎಂದು ಗೊತ್ತಾಗುವ ಹೊತ್ತಿಗೆ ನಾವೂ ಆ ವಿದ್ಯಾರ್ಥಿಗಳ ಜೊತೆ ಕೂತುಬಿಟ್ಟಿರುತ್ತೇವೆ. ಇದನ್ನು ಬರೆದ ಡೇವಿಡ್ ಶೋರ್‌ಗೆ ಟಿವಿಯ ಎಮ್ಮಿ ಪ್ರಶಸ್ತಿ ಬಂದದ್ದು ನ್ಯಾಯವೇ.

ಭಾನುವಾರ 'ಸೆವೆರೆನ್ಸ್' ಮೊದಲ ಸೀಸನ್‌ನ ಕೊನೆ. ಮಾರ್ಕ್ ಒಂದು ಮಾತು ಕೂಗುತ್ತಾನೆ, ಅಲ್ಲಿಗೆ ಕಟ್. 2022ರ ಏಪ್ರಿಲ್‌ನಲ್ಲಿ ಇದನ್ನು ನೋಡಿ ನಾನು 2025ರ ಜನವರಿವರೆಗೆ ಕಾದಿದ್ದೆ. ಎರಡನೇ ಸೀಸನ್‌ನ ಹತ್ತು ಎಪಿಸೋಡ್‌ಗಳನ್ನು ವಾರಕ್ಕೊಂದರಂತೆ ಬಿಟ್ಟರು. ಅದು ನನಗೆ ತುಂಬಾ ಇಷ್ಟವಾಯಿತು. ಇದನ್ನು ಎಲ್ಲರೂ ಮಾಡಲಿ.

ಒಂದು ವಿಷಯ ಹೇಳುವುದು ಉಳಿದಿದೆ. ಹೋದ ವರ್ಷ ಒಂದು ಆ್ಯಪ್ ಅಪ್‌ಡೇಟ್ ಆದಾಗ ನಾನು ಆಫ್ ಮಾಡಿದ್ದ ಆಟೋಪ್ಲೇ ಮತ್ತೆ ಆನ್ ಆಗಿತ್ತು. ನಿಮಗೂ ಹಾಗೆ ಆಗಬಹುದು. ಇಷ್ಟದ ಎಪಿಸೋಡ್ ಹಾಕುವ ಮುಂಚೆ ಒಮ್ಮೆ ಸೆಟ್ಟಿಂಗ್ಸ್ ನೋಡಿಕೊಳ್ಳಿ.